ಪೀಪಿ ಇನ್ನೂ ನೀರು ಕುಡಿದಿಲ್ಲ



ಈ ಹೊತ್ತು ನಿಮ್ಮೊಡನೆ ಒಂದು ಚಿಕ್ಕ ವಸ್ತುವಿನ ಬಗ್ಗೆ ಮಾತನಾಡಬೇಕು. ಅದು ಕಿರುಬೆರಳಿಗಿಂತ ಉದ್ದವಿಲ್ಲ. ಅಂಗೈ ಮೇಲಿಟ್ಟರೆ ಭಾರವೇ ತಿಳಿಯುವುದಿಲ್ಲ. ಆದರೆ ಅದಿಲ್ಲದೆ ತಾಳಿ ಕಟ್ಟುವ ಹೊತ್ತಿಗೆ ಓಲಗ ಮೊಳಗುವುದಿಲ್ಲ. ತೇರು ಹೊರಡುವಾಗ ಸನಾದಿ ಕೇಳಿಸುವುದಿಲ್ಲ. ಊದುವ ವಾದ್ಯವನ್ನು ಬಾಯಿಗೆ ಇಡುತ್ತೇವಲ್ಲ, ಆ ತುದಿ ಅದು. ಇಂಗ್ಲಿಷಿನಲ್ಲಿ ಅದಕ್ಕೆ ಮೌತ್‌ಪೀಸ್ ಎನ್ನುತ್ತಾರೆ. ಕನ್ನಡದಲ್ಲಿ ಏನನ್ನುತ್ತೇವೆ? ಇಂದಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತ.

ಹರಿಹರ ತಾಲ್ಲೂಕಿನ ಕೊಕ್ಕನೂರು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಆಂಜನೇಯಸ್ವಾಮಿಯ ಊರು. ದಾವಣಗೆರೆ, ಹರಿಹರ, ಮಲೇಬೆನ್ನೂರು ಕಡೆಯ ಎಷ್ಟೋ ಮನೆಗಳಿಗೆ ಅವನೇ ಮನೆದೇವರು. ಭದ್ರಾ ಕಾಲುವೆಯ ನೀರು ಹರಿಯುವ ಬತ್ತದ ಸೀಮೆ. ಒಮ್ಮೆ ಅಲ್ಲಿ ದೇವಸ್ಥಾನದ ಮುಂದೆ ಕೂತಿದ್ದೆ. ಸನಾದಿ ಊದುವ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತಿದ್ದರು. ಡೋಲಿನವರು ಸಿದ್ಧವಾಗಿದ್ದರು. ಶ್ರುತಿ ಹಿಡಿಯುವ ಹುಡುಗನೂ ಸಿದ್ಧ. ಹಿರಿಯರು ಮಾತ್ರ ಸುಮ್ಮನಿದ್ದರು. ಅವರ ಒಂದು ಕೆನ್ನೆ ಸ್ವಲ್ಪ ಉಬ್ಬಿತ್ತು. ಎಲೆ ಅಡಿಕೆ ಹಾಕಿದ್ದಾರೆ ಎಂದುಕೊಂಡೆ.

"ಯಾಕೆ ಅಜ್ಜಾರೆ, ಇನ್ನೂ ಶುರು ಮಾಡಲಿಲ್ಲ?" ಅಂದೆ.

ಅವರು ಬಾಯಿಂದ ಏನನ್ನೋ ತೆಗೆದು ಬೆರಳ ತುದಿಯಲ್ಲಿ ಹಿಡಿದು ತೋರಿಸಿದರು. "ಪೀಪಿ ಇನ್ನೂ ನೀರು ಕುಡಿದಿಲ್ರೀ. ಒಣಗಿದ ಪೀಪಿ ಹಾಡಂಗಿಲ್ಲ, ಕಿರುಚ್ತತಿ" ಅಂದರು. ಮತ್ತೆ ಅದನ್ನು ಬಾಯೊಳಗೆ ಇಟ್ಟುಕೊಂಡರು.

ನೀವು ಅದನ್ನು ನೋಡುತ್ತಿಲ್ಲ. ಮಾತಿನಲ್ಲಿ ಹೇಳುತ್ತೇನೆ. ಒಂದು ಚಿಕ್ಕ ಮೀನಿನ ಬಾಲವನ್ನು ನೆನೆಸಿಕೊಳ್ಳಿ. ಬುಡದಲ್ಲಿ ಸಣ್ಣ, ತುದಿಯಲ್ಲಿ ಅಗಲ. ಎರಡು ತೆಳ್ಳನೆಯ ಪದರಗಳು ಒಂದರ ಮೇಲೊಂದು ಕೂತಿವೆ. ನಡುವೆ ಕೂದಲೆಳೆಯಷ್ಟು ಸಂದು. ಬುಡವನ್ನು ದಾರದಿಂದ ಬಿಗಿಯಾಗಿ ಸುತ್ತಿ ಲೋಹದ ಒಂದು ಸಣ್ಣ ಕೊಳವೆಗೆ ಕೂರಿಸಿದ್ದಾರೆ. ಬಣ್ಣ ಒಣಹುಲ್ಲಿನದು. ತುಟಿಗೆ ತಾಗಿ ತಾಗಿ ತುದಿ ಕಂದಾಗಿದೆ. ಅಂಥವೇ ಇನ್ನೂ ಮೂರು ನಾಲ್ಕು ಪೀಪಿಗಳು ವಾದ್ಯದ ಕೊರಳಿಗೆ ದಾರ ಕಟ್ಟಿ ಜೋತುಬಿದ್ದಿವೆ. ಒಂದು ಕೈಕೊಟ್ಟರೆ ಇನ್ನೊಂದು. ಜೊತೆಗೆ ಒಂದು ಸೂಜಿ. ಸಂದು ಮುಚ್ಚಿಕೊಂಡರೆ ಬಿಡಿಸುವುದಕ್ಕೆ ಅದು.

ಸ್ವಲ್ಪ ಹೊತ್ತು ಹೋಯಿತು. ಹಿರಿಯರು ಪೀಪಿಯನ್ನು ಸನಾದಿಗೆ ಸಿಕ್ಕಿಸಿದರು. ಒಂದು ಸಲ ಊದಿದರು. ತಲೆ ಆಡಿಸಿದರು. ತೆಗೆದು ಮತ್ತೆ ಬೆರಳಿನಿಂದ ಒತ್ತಿದರು. ಎರಡನೇ ಸಲ ಊದಿದಾಗ ಬಂದ ದನಿಗೆ ಗುಡಿಯ ಮುಂದಿನ ಗದ್ದಲವೆಲ್ಲ ತಣ್ಣಗಾಯಿತು.

ಶ್ರೋತೃಗಳೇ, ಅಂದಿನಿಂದ ಪೀಪಿ ಎಂಬ ಮಾತು ನನಗೆ ಮಕ್ಕಳಾಟದ ಮಾತಾಗಿ ಉಳಿಯಲಿಲ್ಲ. ಅದೊಂದು ಕಸುಬಿನ ಶಬ್ದ. ಅದಕ್ಕೆ ಖಚಿತವಾದ ಅರ್ಥವಿದೆ. ವಾದ್ಯದ ಬಾಯಲ್ಲಿ ಕೂತು, ಉಸಿರಿಗೆ ನಡುಗಿ, ದನಿ ಹುಟ್ಟಿಸುವ ನಾಲಗೆ, ಇದು ಪೀಪಿ. ಆ ಹೆಸರೂ ಅದರ ಸದ್ದಿನಿಂದಲೇ ಬಂದಿದೆ. ಪರಂಗಿ ಎಲೆಯ ದಂಟಿನಿಂದ ಮಾಡಿಕೊಳ್ಳುತ್ತಿದ್ದೆವಲ್ಲ, ಅದೂ ಪೀಪಿ. ತೆಂಗಿನ ಗರಿ ಸುತ್ತಿ ಮಾಡುತ್ತಿದ್ದೆವಲ್ಲ, ಅದೂ ಪೀಪಿ. ಕೆಲಸ ಒಂದೇ ಆದ್ದರಿಂದ ಹೆಸರೂ ಒಂದೇ.

ಬೇರೆಯವರು ಏನನ್ನುತ್ತಾರೆ? ತಮಿಳುನಾಡಿನ ನಾಗಸ್ವರದವರು ಇದಕ್ಕೆ ಸೀವಾಳಿ ಎನ್ನುತ್ತಾರೆ. ತಮಿಳಿನಲ್ಲಿ ಸೀವು ಎಂದರೆ ಹೆರೆ. ಹಳೇ ಮೈಸೂರಿನ ಮಕ್ಕಳು ಪೆನ್ಸಿಲ್ ಜೀವುತ್ತಾರೆ, ಕೇಳಿದ್ದೀರಿ. ಅದೇ ಮಾತಿನ ನೆಂಟ. ಹಿಂದಿಯ ಶಹನಾಯಿಯವರು ಪತ್ತಿ ಎನ್ನುತ್ತಾರೆ. ಪತ್ತಿ ಎಂದರೆ ಎಲೆ. ಗಮನಿಸಿ. ತಮಿಳರು ಅದನ್ನು ಮಾಡುವ ಕೆಲಸದಿಂದ ಕರೆದರು. ಹಿಂದಿಯವರು ಅದರ ಆಕಾರದಿಂದ ಕರೆದರು. ನಾವು ಅದರ ಸದ್ದಿನಿಂದ ಕರೆದೆವು. ಮೂರು ಹೆಸರೂ ಚೆನ್ನ. ನನ್ನ ಕಿವಿಗೆ ನಮ್ಮದು ಹೆಚ್ಚು ಹತ್ತಿರ.

ಸನಾದಿಯ ಪೀಪಿಯನ್ನು ಮಾಡುವುದು ನೀರಿನ ದಂಡೆಯಲ್ಲಿ ಬೆಳೆಯುವ ಜೊಂಡಿನಿಂದ. ಶಹನಾಯಿಯ ಉಸ್ತಾದ್ ಬಿಸ್ಮಿಲ್ಲಾ ಖಾನರು ಹುಟ್ಟಿದ್ದು ಬಿಹಾರದ ಡುಮ್ರಾಂವ್‌ನಲ್ಲಿ. ಅಲ್ಲಿಗೆ ಹತ್ತಿರದ ಸೋನ್ ನದಿಯ ದಂಡೆಯ ಜೊಂಡು ಶಹನಾಯಿಯ ಪತ್ತಿಗೆ ಹೆಸರಾದದ್ದು. 1977ರಲ್ಲಿ ನಮ್ಮ ಸನಾದಿ ಅಪ್ಪಣ್ಣ ಚಿತ್ರ ಬಂತು. ತೆರೆಯ ಮೇಲೆ ಸನಾದಿ ಹಿಡಿದವರು ಡಾ. ರಾಜ್‌ಕುಮಾರ್. ಅದರೊಳಗೆ ಹರಿದ ಉಸಿರು ಬಿಸ್ಮಿಲ್ಲಾ ಖಾನರದು. ಉತ್ತರದ ಶಹನಾಯಿಗೆ ನಮ್ಮ ಹಳ್ಳಿಯ ಹೆಸರು ಸನಾದಿ. ಆ ಚಿತ್ರ ಆ ಹೆಸರನ್ನು ನಾಡಿಗೆಲ್ಲ ಮುಟ್ಟಿಸಿತು. ಸನಾದಿ ಎಂಬ ಹೆಸರು ಉಳಿಯಿತು. ಅದರ ಬಾಯಲ್ಲಿರುವ ಪೀಪಿಯ ಹೆಸರೂ ಹಾಗೆಯೇ ಉಳಿಯಬೇಕು ಎಂಬುದು ನನ್ನ ಆಸೆ.

ಇಲ್ಲಿ ಜಿ. ಪಿ. ರಾಜರತ್ನಂ ಅವರ ತುತ್ತೂರಿ ಪದ್ಯ ನೆನಪಾಗುತ್ತದೆ. ನಾವೆಲ್ಲ ಶಾಲೆಯಲ್ಲಿ ಹಾಡಿದ್ದು. ಆ ಪದ್ಯದ ಹುಡುಗನ ತಗಡಿನ ತುತ್ತೂರಿ ನೀರಿಗೆ ಬಿದ್ದು ದನಿ ಕಳೆದುಕೊಳ್ಳುತ್ತದೆ. ಕೊಕ್ಕನೂರಿನ ಅಜ್ಜನ ಪೀಪಿ ನೀರು ಕುಡಿದ ಮೇಲೆಯೇ ದನಿ ಪಡೆಯುತ್ತದೆ. ತಗಡಿನ ನಾಲಗೆಗೆ ನೀರು ಶತ್ರು. ಜೊಂಡಿನ ನಾಲಗೆ ನೀರಲ್ಲಿ ಹುಟ್ಟಿದ್ದು, ಅದಕ್ಕೆ ನೀರೇ ಜೀವ.

ಇಷ್ಟು ಹೊತ್ತು ಪೀಪಿ ಇರುವ ವಾದ್ಯದ ಮಾತಾಯಿತು. ಈಗ ಪೀಪಿಯೇ ಇಲ್ಲದ ವಾದ್ಯಕ್ಕೆ ಬರೋಣ.

ಶಂಖವನ್ನು ತೆಗೆದುಕೊಳ್ಳಿ. ಹರಿಹರದ ಹರಿಹರೇಶ್ವರ ಗುಡಿ 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಅರ್ಧ ಹರ, ಅರ್ಧ ಹರಿ ಆದ ಮೂರ್ತಿ. ಹರಿಯ ಭಾಗದ ಕೈಯಲ್ಲಿ ಶಂಖವಿದೆ. ಅಂಥದೇ ಶಂಖವನ್ನು ಊದುತ್ತ ದಾಸಯ್ಯ ಶನಿವಾರ ನಮ್ಮ ಮನೆಯ ಬಾಗಿಲಿಗೂ ಬರುತ್ತಿದ್ದ. ಚಿಕ್ಕಂದಿನಲ್ಲಿ ನನಗೊಂದು ತಪ್ಪು ತಿಳಿವಳಿಕೆ ಇತ್ತು. ಶಂಖದ ಅಗಲವಾದ ಬಾಯಲ್ಲಿ ಊದುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲ. ಶಂಖದ ಚೂಪಾದ ತುದಿಯನ್ನು ಕತ್ತರಿಸಿ ಒಂದು ಕಿಂಡಿ ಮಾಡುತ್ತಾರೆ. ಊದುವುದು ಅಲ್ಲಿ. ಅಗಲವಾದ ಬಾಯಿಂದ ಸದ್ದು ಹೊರಗೆ ಬರುತ್ತದೆ. ಒಳಗಿನ ಹುಳುವಿನ ಬಾಯಿ ಒಂದು ಕಡೆ, ಊದುವವನ ಬಾಯಿ ಇನ್ನೊಂದು ಕಡೆ.

ಶಂಖದಲ್ಲಿ ಪೀಪಿ ಇಲ್ಲ. ಹಾಗಾದರೆ ನಡುಗುವುದು ಯಾವುದು? ಊದುವವನ ತುಟಿಯೇ. ತುಟಿಗಳನ್ನು ಬಿಗಿಹಿಡಿದು ಉಸಿರು ತಳ್ಳಿದರೆ ಅವೇ ಪೀಪಿಯ ಎರಡು ಪದರಗಳಂತೆ ಅದುರುತ್ತವೆ. ಕೊಂಬಿನಲ್ಲೂ ಅದೇ. ಕಹಳೆಯಲ್ಲೂ ಅದೇ. ಮದುವೆಯ ಬ್ಯಾಂಡಿನ ಹಿತ್ತಾಳೆ ಟ್ರಂಪೆಟ್ಟಿನಲ್ಲೂ ಅದೇ. ಅವುಗಳ ಬಾಯ ತುದಿ ಒಂದು ಪುಟ್ಟ ಬಟ್ಟಲಿನಂತಿರುತ್ತದೆ. ತುಟಿ ಒರಗಿಕೊಳ್ಳುವುದಕ್ಕೆ ಒಂದು ಆನಿಕೆ, ಅಷ್ಟೇ. ಇದನ್ನು ಪೀಪಿ ಎಂದರೆ ತಪ್ಪಾಗುತ್ತದೆ. ಇಲ್ಲಿ ಪೀಪಿ ಮನುಷ್ಯನ ಮುಖದಲ್ಲೇ ಇದೆ.

ಇನ್ನು ಕೊಳಲು. ಕೊಳಲು, ಕೊಳವೆ ಎರಡೂ ಒಂದೇ ಬೇರಿನ ಮಾತುಗಳು. ಕೊಳಲಿಗೆ ಪೀಪಿಯೂ ಇಲ್ಲ, ಬಟ್ಟಲೂ ಇಲ್ಲ. ಕರ್ನಾಟಕ ಸಂಗೀತದ ಕೊಳಲಿನಲ್ಲಿ ಬೆರಳಿಗೆ ಎಂಟು ರಂಧ್ರ, ಬಾಯಿಗೆ ಒಂದು. ಆ ಒಂದಕ್ಕೆ ಮುಖರಂಧ್ರ ಎಂದು ಹೆಸರು. ಉಸಿರು ಆ ರಂಧ್ರದ ಆಚೆಯ ಅಂಚಿಗೆ ಬಡಿದು ಸೀಳಿಕೊಳ್ಳುತ್ತದೆ. ಆ ಸೀಳಿನಿಂದ ನಾದ. ಖಾಲಿ ಬಾಟಲಿಯ ಬಾಯಿಗೆ ಅಡ್ಡಲಾಗಿ ಊದಿ ನೋಡಿ, ತಿಳಿಯುತ್ತದೆ. ತುಂಗಭದ್ರೆಯ ಸೇತುವೆ ದಾಟಿ ಹರಿಹರಕ್ಕೆ ಬರುತ್ತಿದ್ದ ಹಬೆ ರೈಲಿನ ಕೂಗು ಹಿರಿಯರಿಗೆ ನೆನಪಿರಬೇಕು. ಅಲ್ಲಿಯೂ ಇದೇ ಕೆಲಸ. ಉಸಿರಿನ ಬದಲು ಹಬೆ, ಬಿದಿರಿನ ಅಂಚಿನ ಬದಲು ಲೋಹದ ಅಂಚು.

ಜಾತ್ರೆಯಲ್ಲಿ ಇನ್ನೊಂದು ಬಗೆಯ ಕೊಳಲು ಸಿಗುತ್ತದೆ. ಅಡ್ಡ ಹಿಡಿಯುವುದಲ್ಲ, ನೆಟ್ಟಗೆ ಬಾಯಿಗೆ ಇಡುವುದು. ಅದರ ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ತುಟಿಗೆ ಅದು ಹಕ್ಕಿಯ ಕೊಕ್ಕಿನಂತೆ ತಾಗುತ್ತದೆ. ಫ್ರಾನ್ಸಿನ ಜನ ಅಂಥ ಕೊಳಲನ್ನು ಕೊಕ್ಕಿನ ಕೊಳಲು ಎಂದೇ ಕರೆಯುತ್ತಾರೆ. ಕ್ಲಾರಿನೆಟ್ಟಿನ ಬಾಯ ತುದಿಗೂ ಅವರಲ್ಲಿ ಬೆಕ್ ಎಂಬ ಹೆಸರು. ಬೆಕ್ ಎಂದರೆ ಕೊಕ್ಕು. ಕೊಕ್ಕನೂರು ಎಂಬ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಈ ಮಾತು ನೆನಪಾಗುತ್ತದೆ. ಗಿಂಡಿಯ ಮೂತಿ, ಹೂಜಿಯ ಕೊರಳು, ಬಾವಿಯ ಬಾಯಿ ಎಂದು ಕರೆಯುವ ನಮಗೆ ಕೊಕ್ಕು ಎಂಬುದು ಹೊಸದಾಗಿ ಕಟ್ಟಬೇಕಾದ ಶಬ್ದವಲ್ಲ. ಮನೆಯಲ್ಲೇ ಇರುವ ಶಬ್ದ.

ಕೊಕ್ಕಿನ ಮಾತು ಬಂದದ್ದರಿಂದ ಕದ್ರಿ ಗೋಪಾಲನಾಥರನ್ನು ನೆನೆಯದೆ ಮುಂದೆ ಹೋಗಲಾರೆ. ದಕ್ಷಿಣ ಕನ್ನಡದ ಸಜಿಪಮೂಡದವರು. ತಂದೆ ನಾಗಸ್ವರ ಊದುತ್ತಿದ್ದರು. ಮಗ ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಅದಕ್ಕೆ ಮನಸೋತರು. ಆ ವಾದ್ಯವನ್ನು ಮಾಡಿದವನು ಬೆಲ್ಜಿಯಮ್ಮಿನ ಅಡಾಲ್ಫ್ ಸ್ಯಾಕ್ಸ್. ಅದಕ್ಕೆ ಹಕ್ಕುಪತ್ರ ಪಡೆದದ್ದು 1846ರಲ್ಲಿ. ನಾಗಸ್ವರದ ಪೀಪಿಗೆ ಎರಡು ಪದರ. ಸ್ಯಾಕ್ಸೊಫೋನಿಗೆ ಒಂದೇ ಪದರ, ಗಟ್ಟಿಯಾದ ಕೊಕ್ಕಿಗೆ ಬಿಗಿದದ್ದು. ತಂದೆಯ ವಾದ್ಯದಿಂದ ಈ ವಾದ್ಯಕ್ಕೆ ಬಂದ ಗೋಪಾಲನಾಥರ ತುಟಿ, ಹಲ್ಲು, ನಾಲಗೆ ಎಲ್ಲವೂ ಹೊಸ ಪಾಠ ಕಲಿಯಬೇಕಾಯಿತು. ಗಮಕಕ್ಕೆಂದು ಮಾಡದ ವಾದ್ಯದಲ್ಲಿ ಅವರು ಗಮಕ ನುಡಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ತೀರಿಕೊಂಡರು. ಬಾಯ ತುದಿ ಬದಲಾದರೆ ಬಾಯಿಯೇ ಬದಲಾಗಬೇಕು ಎಂಬುದಕ್ಕೆ ಅವರಿಗಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಶ್ರೋತೃಗಳೇ, ಇಲ್ಲಿಯವರೆಗೆ ಹೇಳಿದ್ದನ್ನು ಒಮ್ಮೆ ನೆನಪಿಸುತ್ತೇನೆ. ಪೀಪಿ ಇದ್ದಲ್ಲಿ ಪೀಪಿ ನಡುಗುತ್ತದೆ. ಶಂಖ, ಕಹಳೆಯಲ್ಲಿ ತುಟಿ ನಡುಗುತ್ತದೆ. ಕೊಳಲಿನಲ್ಲಿ ಉಸಿರೇ ಅಂಚಿಗೆ ಬಡಿದು ಸೀಳಿಕೊಳ್ಳುತ್ತದೆ. ಮೂರೂ ಬೇರೆ ಬೇರೆ, ಹೆಸರೂ ಬೇರೆ ಬೇರೆಯೇ ಇರಬೇಕು. ಇಂಗ್ಲಿಷಿನ ಒಂದು ಮಾತನ್ನು ಮುಂದಿಟ್ಟುಕೊಂಡು ಎಲ್ಲಕ್ಕೂ ಬಾಯಿತುಂಡು ಎಂದೋ ಮುಖಭಾಗ ಎಂದೋ ಬರೆದುಬಿಟ್ಟರೆ ಈ ವಿವೇಕವೆಲ್ಲ ಹೋಯಿತು. ಸಂಸ್ಕೃತದಲ್ಲಿ ಮುಖ ಎಂದರೆ ಬಾಯಿಯೂ ಹೌದು. ಮೂಡಲಪಾಯ ಯಕ್ಷಗಾನದ ಮುಖವೀಣೆ ಎಂಬ ಪುಟ್ಟ ವಾದ್ಯದ ಹೆಸರಿನಲ್ಲಿ ಆ ಅರ್ಥವೇ ಇದೆ. ಅದು ಬಾಯಿಯ ವೀಣೆ. ಆದರೆ ಇಂದಿನ ಕನ್ನಡದಲ್ಲಿ ಮುಖ ಎಂದರೆ ಕಣ್ಣು, ಮೂಗು, ಹಣೆ ಎಲ್ಲ ಸೇರಿದ ಮೋರೆ. ಮುಖಭಾಗ ಎಂದು ಓದಿದ ಹುಡುಗ ವಾದ್ಯದ ಮುಂಭಾಗ ಎಂದುಕೊಂಡರೆ ತಪ್ಪು ಅವನದಲ್ಲ.

ವಾದ್ಯದ ಮಾತು ಸಾಕು. ಮನೆಯ, ಕಸುಬಿನ, ಆಸ್ಪತ್ರೆಯ ಉಪಕರಣಗಳಿಗೂ ಬಾಯಿಗಿಡುವ ತುದಿ ಇದೆ. ಅಲ್ಲಿ ಹೆಸರಿನ ಪ್ರಶ್ನೆ ಇನ್ನೂ ಗಂಭೀರ.

ಅಡುಗೆಮನೆಯ ಊದುಗೊಳವೆಯನ್ನು ಬಲ್ಲಿರಿ. ನಮ್ಮ ತಾಯಂದಿರು ಹಸಿ ಕಟ್ಟಿಗೆಯ ಮುಂದೆ ಕೂತು ಊದುತ್ತಿದ್ದರು. ಹೊಗೆ ಕಣ್ಣಿಗೆ, ಬೂದಿ ಕೂದಲಿಗೆ. ಆ ಹೆಸರು ಎಷ್ಟು ಸ್ಪಷ್ಟ ನೋಡಿ. ಊದುವ ಕೊಳವೆ. ಏನು ಮಾಡಬೇಕು ಎಂದು ಹೆಸರೇ ಹೇಳುತ್ತದೆ. ಕುದುರೆಯ ಕಡಿವಾಣವೂ ಹಾಗೆಯೇ. ಕುದುರೆಯ ಬಾಯಲ್ಲಿ, ಹಲ್ಲಿಲ್ಲದ ಸಂದಿನಲ್ಲಿ ಇರುವ ಕಬ್ಬಿಣದ ತುಂಡು. ಹೆಸರಿನ ಮೊದಲಲ್ಲೇ ಕಡಿ ಎಂಬ ಮಾತು ಕೇಳಿಸುತ್ತದೆ. ಹಳೆಯ ದೂರವಾಣಿಯ ಕೈಗೊಳವೆಗೆ ಎರಡು ತುದಿ. ಒಂದು ಕಿವಿಗೆ, ಒಂದು ಬಾಯಿಗೆ. ತಿರುಗಾಮುರುಗಾ ಹಿಡಿದರೆ ಮಾತೇ ಇಲ್ಲ. ನಾನು ಈಗ ಮಾತನಾಡುತ್ತಿರುವ ಮೈಕಿಗಂತೂ ಬಾಯಿ ತಾಗಿಸುವ ಹಾಗೇ ಇಲ್ಲ, ಒಂದು ಗೇಣು ದೂರ ಇರಬೇಕು.

ಈಗ ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ನನಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಯಿತು. ಯಾವ ಆಸ್ಪತ್ರೆ ಎಂಬುದು ಇಲ್ಲಿ ಮುಖ್ಯವಲ್ಲ. ಮರುದಿನ ಕೈಗೊಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಮೂರು ಕೋಣೆ, ಮೂರು ಗುಂಡು, ಒಂದು ಸುಕ್ಕುಸುಕ್ಕಾದ ನಳಿಕೆ, ಅದರ ಕೊನೆಗೆ ಬಾಯಿಗಿಡುವ ತುದಿ. ಇದನ್ನು ಇನ್ಸೆಂಟಿವ್ ಸ್ಪೈರೋಮೀಟರ್ ಎನ್ನುತ್ತಾರೆ. "ಇದನ್ನ ಊದ್ತಾ ಇರಿ, ಗುಂಡು ಮೇಲೆ ಏಳಬೇಕು" ಎಂದು ಹೇಳಿ ಹೋದರು.

ನಾನು ಊದಿದೆ. ಹೊಲಿಗೆ ಹಾಕಿದ ಜಾಗ ಚುರುಗುಟ್ಟಿತು. ಗುಂಡು ಅಲ್ಲಾಡಲಿಲ್ಲ. ಸಂಜೆ ಮತ್ತೆ ಊದಿದೆ. ಅಲ್ಲಾಡಲಿಲ್ಲ. ಎರಡು ದಿನ ಹೀಗೇ ಕಳೆಯಿತು. ನನ್ನ ಎದೆಯಲ್ಲಿ ಶಕ್ತಿಯೇ ಉಳಿದಿಲ್ಲ ಎಂದು ಮನಸ್ಸಿಗೆ ಬಂತು. ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ನೆಲ ಒರೆಸಲು ಬಂದ ಹೆಂಗಸು ನನ್ನ ಪಾಡು ನೋಡಿ ನಿಂತಳು. "ಊದಬ್ಯಾಡ್ರೀ ಅಣ್ಣಾರೆ, ಎಳ್ಕಳ್ರಿ. ಎಳನೀರು ಕುಡಿತೀವಲ್ಲ, ಹಂಗ" ಅಂದಳು. ಎಳೆದೆ. ಮೊದಲನೆಯ ಗುಂಡು ಟಕ್ಕೆಂದು ಮೇಲೆ ಹೋಯಿತು.

ಆ ಡಬ್ಬಿ ಇರುವುದು ಉಸಿರನ್ನು ಒಳಗೆ ಎಳೆದುಕೊಳ್ಳುವುದಕ್ಕೆ. ಆಳವಾಗಿ, ನಿಧಾನವಾಗಿ ಎಳೆದರೆ ಪುಪ್ಪುಸದ ತಳದ ಗಾಳಿಚೀಲಗಳು ಬಿಚ್ಚಿಕೊಳ್ಳುತ್ತವೆ. ಕಫ ಕಟ್ಟುವುದು ಕಡಿಮೆಯಾಗುತ್ತದೆ. ಊದಿದರೆ ಆಗುವುದು ಇದಕ್ಕೆ ಉಲ್ಟಾ. ಉಬ್ಬಸದವರು ಬಳಸುವ ಇನ್‌ಹೇಲರಿನದೂ ಇದೇ ಕತೆ. ಜನ ಅದನ್ನು ಪಂಪು ಎನ್ನುತ್ತಾರೆ. ಅದರ ತುದಿಯನ್ನು ತುಟಿಯಲ್ಲಿ ಹಿಡಿಯುವ ಮೊದಲು ಉಸಿರು ಹೊರಗೆ ಬಿಡಬೇಕು. ಆಮೇಲೆ ಒತ್ತುತ್ತಲೇ ನಿಧಾನವಾಗಿ ಎಳೆಯಬೇಕು. ಸುಮಾರು ಹತ್ತು ಎಣಿಸುವವರೆಗೆ ಹಿಡಿದಿಡಬೇಕು. ಆದರೆ ಕುಡಿತ ಪತ್ತೆಗೆಂದು ರಸ್ತೆಯಲ್ಲಿ ಪೊಲೀಸರು ಹಿಡಿಯುವ ಯಂತ್ರದ ತುದಿಗೆ ಊದಬೇಕು. ನೋಡುವುದಕ್ಕೆ ಮೂರೂ ಹೆಚ್ಚುಕಡಿಮೆ ಒಂದೇ ಥರದ ಕೊಳವೆ. ಕೆಲಸ ಬೇರೆ ಬೇರೆ.

ಹೆಸರು ಕೆಲಸವನ್ನು ಹೇಳಿದ್ದರೆ ನನ್ನ ಎರಡು ದಿನ ವ್ಯರ್ಥವಾಗುತ್ತಿರಲಿಲ್ಲ. ಕನ್ನಡದಲ್ಲಿ ಒಳಗೆಳೆಯುವುದಕ್ಕೆ ಮಾತಿಲ್ಲವೇ? ಇದೆ. ಸೇದು. ಬಾವಿಯಿಂದ ನೀರು ಸೇದುತ್ತೇವೆ. ಬೀಡಿ ಸೇದುತ್ತಾರೆ. ಒಳಕ್ಕೆ, ನಮ್ಮ ಕಡೆಗೆ ಎಳೆದುಕೊಳ್ಳುವುದೆಲ್ಲ ಸೇದುವುದೇ. ಊದುವ ತುದಿಗೆ ಊದುತುದಿ ಎನ್ನೋಣ. ಎಳೆಯುವ ತುದಿಗೆ ಸೇದುತುದಿ ಎನ್ನೋಣ. ಓದು ಬಾರದವರಿಗೂ ಒಂದೇ ಸಲಕ್ಕೆ ತಿಳಿಯುತ್ತದೆ. ಇದು ನನ್ನ ಸಲಹೆ. ಇದಕ್ಕಿಂತ ಒಳ್ಳೆಯ ಮಾತು ನಿಮ್ಮ ಊರಿನಲ್ಲಿ ಇದ್ದರೆ ನನ್ನದನ್ನು ಬಿಟ್ಟು ಅದನ್ನೇ ಹಿಡಿಯುತ್ತೇನೆ.

ಹೀಗೆ ಮಾತು ಕಟ್ಟುವುದು ನಮಗೆ ಹೊಸದಲ್ಲ. 1935ರಲ್ಲಿ ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಅದಕ್ಕೆ ಆಕಾಶವಾಣಿ ಎಂಬ ಹೆಸರಾಯಿತು. ಮುಂದೆ ದೇಶಕ್ಕೆಲ್ಲ ಅದೇ ಹೆಸರು. ಬಾನುಲಿ ಎಂಬ ಅಚ್ಚಗನ್ನಡದ ಮಾತೂ ಜೊತೆಗೆ ಉಳಿಯಿತು. 1894ರಲ್ಲಿ ಕಿಟ್ಟೆಲ್ ಅವರ ದೊಡ್ಡ ನಿಘಂಟು ಮಂಗಳೂರಿನಲ್ಲಿ ಅಚ್ಚಾದಾಗ ಅದರಲ್ಲಿ ಪುಸ್ತಕದ ಮಾತಿನ ಜೊತೆಗೆ ಜನರ ಬಾಯಿಂದ ಕೇಳಿ ಬರೆದುಕೊಂಡ ಮಾತುಗಳೂ ಇದ್ದವು. ಕೇಳಿದ್ದರಿಂದ ಅವು ಉಳಿದವು.

ಓಲಗದವರು ಈಗ ಕಡಿಮೆಯಾಗುತ್ತಿದ್ದಾರೆ. ಮದುವೆ ಮಂಟಪಗಳಲ್ಲಿ ಧ್ವನಿಮುದ್ರಿಕೆ ಹಾಕಿಬಿಡುತ್ತಾರೆ. ಮುದ್ರಿಕೆಗೆ ಪೀಪಿ ಬೇಡ, ನೀರು ಬೇಡ, ಕೆನ್ನೆಯಲ್ಲಿ ಇಟ್ಟುಕೊಂಡು ಕಾಯುವ ಅಜ್ಜ ಬೇಡ. ಅಜ್ಜ ಹೋದ ಮೇಲೆ ಪೀಪಿ ಕಟ್ಟುವ ದಾರಕ್ಕೆ ಏನೆನ್ನುತ್ತಿದ್ದರು, ಸಂದು ಬಿಡಿಸುವ ಸೂಜಿಗೆ ಏನೆನ್ನುತ್ತಿದ್ದರು, ಯಾರನ್ನು ಕೇಳುವುದು?

ಆದ್ದರಿಂದ ಶ್ರೋತೃಗಳೇ, ನಿಮ್ಮಲ್ಲಿ ಒಂದು ಬಿನ್ನಹ. ಮುಂದಿನ ಸಲ ಕೊಕ್ಕನೂರಿಗೋ ನಿಮ್ಮೂರ ಜಾತ್ರೆಗೋ ಹೋದಾಗ ಸನಾದಿಯವರ ಹತ್ತಿರ ಎರಡು ನಿಮಿಷ ಕೂತುಕೊಳ್ಳಿ. ಕೊಂಬಿನವರು, ಶಂಖದ ದಾಸಯ್ಯ, ಬ್ಯಾಂಡಿನವರು, ಯಾರಾದರೂ ಸರಿ. ಬಾಯಿಗಿಡುವ ತುದಿಗೆ ಏನನ್ನುತ್ತೀರಿ ಎಂದು ಕೇಳಿ. ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ, ತಿದ್ದಬೇಡಿ. ಒಂದು ಕಾರ್ಡಿನಲ್ಲಿ ಈ ಬಾನುಲಿ ಕೇಂದ್ರಕ್ಕೆ ಕಳುಹಿಸಿ. ನಾಲ್ಕು ಸಂಗತಿ ಸಾಕು: ಊರಿನ ಹೆಸರು, ವಾದ್ಯದ ಹೆಸರು, ಆ ತುದಿಯ ಹೆಸರು, ಅದನ್ನು ಯಾವುದರಿಂದ ಮಾಡುತ್ತಾರೆ ಎಂಬುದು.